ಗುರುಗ್ರಹದ ಚಳಿಯನ್ನು ಅಳೆದವರು: ವಿಲಿಯಂ ವೆಬರ್ ಕೋಬ್ಲೆಂಟ್ಜ್

ಅಮೆರಿಕದ ಓಹಿಯೋ ರಾಜ್ಯದಲ್ಲಿ ನಾರ್ತ್ ಲೈಮಾ ಎಂಬ ಸಣ್ಣ ಊರಿದೆ. ಅದರ ಹತ್ತಿರದ ಒಂದು ಹೊಲಮನೆಯಲ್ಲಿ 1873ರ ನವೆಂಬರ್ 20ರಂದು ವಿಲಿಯಂ ವೆಬರ್ ಕೋಬ್ಲೆಂಟ್ಜ್ ಹುಟ್ಟಿದರು. ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯಿಂದ ಬಂದು ನೆಲೆಸಿದ ಒಕ್ಕಲು ಮನೆತನ. ಒಕ್ಕಲುತನವೇನೋ ಇತ್ತು, ಬಹುಕಾಲ ಸ್ವಂತ ಜಮೀನು ಮಾತ್ರ ಇರಲಿಲ್ಲ. ಬೇರೆಯವರ ಹೊಲದಲ್ಲಿ ದುಡಿಯುವ ಕುಟುಂಬ. ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ತಂದೆ ಸುಮಾರು ಎರಡು ವರ್ಷಗಳ ನಂತರ ಮತ್ತೆ ಮದುವೆಯಾದರು. ಮಲತಾಯಿ ಅಮೀಲಿಯಾ ಒಳ್ಳೆಯವರಾಗಿದ್ದರು. ಕಥೆಗಳಲ್ಲಿ ಓದುವ ಮಲತಾಯಿಯ ಕಾಟ ಈ ಹುಡುಗನಿಗೆ ಇರಲಿಲ್ಲ.

ಇದ್ದದ್ದು ಬಡತನದ ಕಾಟ. ಅದರಿಂದಾಗಿ ಓದು ಹಿಂದೆ ಬಿತ್ತು. ಯಂಗ್ಸ್‌ಟೌನ್ ನಗರದಲ್ಲಿ ಅವರು ಹೈಸ್ಕೂಲು ಮುಗಿಸಿದ್ದು 1896ರಲ್ಲಿ. ಆಗ ಅವರ ವಯಸ್ಸು 22. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಪದವಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸು. ಆ ವಯಸ್ಸಿನಲ್ಲಿ ತಮಗಿಂತ ಐದಾರು ವರ್ಷ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆಯುವುದು ಸುಲಭದ ಮಾತಲ್ಲ. ಈ ಸಂಪುಟವನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಹಾಗೆ ಕೂತವರು ಹಲವರಿದ್ದಾರೆ. ಅದು ಎಂಥ ಮುಜುಗರ ಎಂಬುದನ್ನು ಅವರೇ ಬಲ್ಲರು. ಕೋಬ್ಲೆಂಟ್ಜ್ ಅದನ್ನು ನುಂಗಿಕೊಂಡು ಮುಂದೆ ಹೋದರು. ಅದೇ ವರ್ಷ ಕ್ಲೀವ್‌ಲೆಂಡ್ ನಗರದ ಕೇಸ್ ಸ್ಕೂಲ್ ಎಂಬ ತಾಂತ್ರಿಕ ವಿದ್ಯಾಲಯ ಸೇರಿದರು. ಬೆಳಕಿನ ವೇಗವನ್ನು ಅಳೆದು ಹೆಸರಾದ ಮೈಕೆಲ್‌ಸನ್ ಕೆಲವು ವರ್ಷ ಮೊದಲು ಪಾಠ ಮಾಡುತ್ತಿದ್ದ ವಿದ್ಯಾಲಯ ಅದು. ಕೋಬ್ಲೆಂಟ್ಜ್ 1900ರಲ್ಲಿ ಭೌತಶಾಸ್ತ್ರದಲ್ಲಿ ಪದವಿ ಪಡೆದರು. ಅಲ್ಲಿಂದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ 1901ರಲ್ಲಿ ಸ್ನಾತಕೋತ್ತರ ಪದವಿ, 1903ರಲ್ಲಿ ಡಾಕ್ಟರೇಟ್ ಗಳಿಸಿದರು. ಹೈಸ್ಕೂಲಿನಲ್ಲಿ ಹಿಂದೆ ಬಿದ್ದವರು ಏಳೇ ವರ್ಷಗಳಲ್ಲಿ ಡಾಕ್ಟರ್ ಕೋಬ್ಲೆಂಟ್ಜ್ ಆದರು.

ಅವರು ಹಿಡಿದ ವಿಷಯ ಅವಕೆಂಪು ಕಿರಣಗಳು. ಇದೇನೆಂದು ಚಿಕ್ಕವರಿಗಾಗಿ ಹೇಳಬೇಕು. ರೊಟ್ಟಿ ಸುಟ್ಟ ಮೇಲೆ ಒಲೆಯಿಂದ ಇಳಿಸಿಟ್ಟ ಹೆಂಚಿನ ಪಕ್ಕದಲ್ಲಿ ಅಂಗೈ ಹಿಡಿಯಿರಿ. ಹೆಂಚು ಕಪ್ಪಗಿದೆ, ಬೆಳಕು ಕೊಡುತ್ತಿಲ್ಲ. ಆದರೂ ಕೈಗೆ ಬಿಸಿ ತಟ್ಟುತ್ತದೆ. ಹೆಂಚನ್ನು ಮುಟ್ಟದೆಯೇ ಕೈಗೆ ತಲುಪಿದ ಆ ಬಿಸಿ ಬಹುಪಾಲು ಅವಕೆಂಪು ಕಿರಣಗಳಿಂದ ಬಂದದ್ದು. ಕಾಮನಬಿಲ್ಲಿನಲ್ಲಿ ಕೆಂಪಿನ ಆಚೆಗೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಇವು ಇವೆ ಎಂದು 1800ರಲ್ಲಿ ಕಂಡುಕೊಂಡವರು ವಿಲಿಯಂ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದವರೂ ಇವರೇ. ಎಲ್ಲ ವಸ್ತುಗಳೂ ತಮ್ಮ ತಾಪಕ್ಕೆ ತಕ್ಕಂತೆ ಇಂಥ ಕಿರಣಗಳನ್ನು ಬಿಡುತ್ತಲೇ ಇರುತ್ತವೆ. ನಾವೂ ಬಿಡುತ್ತೇವೆ, ಮಂಜುಗಡ್ಡೆಯೂ ಬಿಡುತ್ತದೆ. ವಸ್ತು ತಣ್ಣಗಾದಷ್ಟೂ ಕಿರಣ ದುರ್ಬಲವಾಗುತ್ತದೆ, ಅದರ ತರಂಗವೂ ಉದ್ದವಾಗುತ್ತದೆ. ಆದ್ದರಿಂದ ದೂರದ ವಸ್ತುವಿನ ಕಿರಣವನ್ನು ಸರಿಯಾಗಿ ಅಳೆಯಲು ಬಂದರೆ, ಹತ್ತಿರ ಹೋಗದೆಯೇ ಅದರ ತಾಪವನ್ನು ಹೇಳಬಹುದು. ಇಷ್ಟೇ ವಿದ್ಯೆ. ಆದರೆ ಆ ಸರಿಯಾಗಿ ಅಳೆಯುವುದರಲ್ಲೇ ಒಂದು ಜೀವಮಾನ ಕಳೆಯಿತು.

ಕಾರ್ನೆಲ್‌ನಲ್ಲಿ ಅವರು ಮೊದಲು ಮಾಡಿದ್ದು ವಸ್ತುಗಳ ಅವಕೆಂಪು ರೋಹಿತಗಳನ್ನು ಬರೆಯುವ ಕೆಲಸ. ಗಾಜು ಉದ್ದ ತರಂಗದ ಅವಕೆಂಪು ಕಿರಣಗಳನ್ನು ಹೀರಿಬಿಡುವುದರಿಂದ ಗಾಜಿನ ಪಟ್ಟಕ ಇಲ್ಲಿ ಪ್ರಯೋಜನಕ್ಕೆ ಬಾರದು. ಕಲ್ಲುಪ್ಪಿನ ಹರಳಿನಿಂದ ಮಾಡಿದ ಪಟ್ಟಕ ಬೇಕು. ಉಪ್ಪಾದ್ದರಿಂದ ಗಾಳಿಯ ತೇವಕ್ಕೆ ಅದರ ಮೈ ಮಂಕಾಗುತ್ತದೆ. ಅದನ್ನು ಕಾಪಾಡಿಕೊಂಡು, ಕತ್ತಲ ಕೋಣೆಯಲ್ಲಿ ಕೂತು, ಒಂದೊಂದು ತರಂಗಾಂತರಕ್ಕೂ ಉಪಕರಣವನ್ನು ತಿರುಗಿಸಿ, ಸೂಚಿ ಎಷ್ಟು ಸರಿಯಿತು ಎಂದು ಓದಿ ಬರೆದುಕೊಳ್ಳಬೇಕು. ಇಂದಿನ ಯಂತ್ರ ಒಂದು ನಿಮಿಷದೊಳಗೆ ಕೊಡುವ ಒಂದು ರೋಹಿತಕ್ಕೆ ಆಗ ಗಂಟೆಗಟ್ಟಲೆ ಬೇಕಿತ್ತು. ಹೀಗೆ ನೂರಕ್ಕೂ ಹೆಚ್ಚು ವಸ್ತುಗಳನ್ನು 15 ಮೈಕ್ರಾನ್ ತರಂಗಾಂತರದವರೆಗೆ ಅಳೆದು 1905ರಲ್ಲಿ ಪ್ರಕಟಿಸಿದರು. ಅಣುವಿನಲ್ಲಿ ಒಂದು ನಿರ್ದಿಷ್ಟ ಪರಮಾಣು ಗುಂಪು ಇದ್ದರೆ, ಅದು ಯಾವ ಸಂಯುಕ್ತದಲ್ಲಿದ್ದರೂ ಹೆಚ್ಚುಕಡಿಮೆ ಅದೇ ತರಂಗಾಂತರದಲ್ಲಿ ಕಿರಣವನ್ನು ಹೀರುತ್ತದೆ ಎಂಬುದು ಆ ಕೋಷ್ಟಕಗಳಿಂದ ಕಂಡುಬಂತು. ಇವತ್ತು ಔಷಧ ಕಾರ್ಖಾನೆಯಿಂದ ಹಿಡಿದು ಅಪರಾಧ ಪತ್ತೆಯ ಪ್ರಯೋಗಾಲಯದವರೆಗೆ ವಸ್ತುವನ್ನು ಗುರುತಿಸಲು ಬಳಸುವ ವಿಧಾನದ ಬೇರು ಇದು. ಆದರೆ ರಸಾಯನಶಾಸ್ತ್ರಜ್ಞರು ಆ ಪುಸ್ತಕವನ್ನು ಕೈಗೆತ್ತಿಕೊಂಡು ಅದರ ಬೆಲೆ ಅರಿಯಲು ಹತ್ತಿರ ಹತ್ತಿರ ಮೂವತ್ತು, ನಲವತ್ತು ವರ್ಷ ಬೇಕಾಯಿತು. ಒಳ್ಳೆಯ ಕೆಲಸಕ್ಕೆ ಕೂಡಲೇ ಮನ್ನಣೆ ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

1905ರಲ್ಲೇ ಅವರು ವಾಷಿಂಗ್ಟನ್ನಿನಲ್ಲಿ ಸರ್ಕಾರಿ ನೌಕರಿಗೆ ಸೇರಿದರು. ಅಳತೆ, ತೂಕ, ಮಾನಕಗಳ ಮೇಲ್ವಿಚಾರಣೆಗೆಂದು ಅಮೆರಿಕ ಸರ್ಕಾರ ಸ್ಥಾಪಿಸಿದ್ದ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್ ಅದು. ಅಲ್ಲಿ ವಿಕಿರಣ ಮಾಪನ ವಿಭಾಗವನ್ನು ಹುಟ್ಟುಹಾಕಿ, 1945ರಲ್ಲಿ ನಿವೃತ್ತರಾಗುವವರೆಗೆ ನಲವತ್ತು ವರ್ಷ ಅದರ ಮುಖ್ಯಸ್ಥರಾಗಿದ್ದರು. ಒಂದೇ ಇಲಾಖೆ, ಒಂದೇ ವಿಭಾಗ, ಒಂದೇ ಬಗೆಯ ಅಳತೆ. ಹೊರಗಿನಿಂದ ನೋಡಿದರೆ ಸಪ್ಪೆ ಬದುಕು. ಆದರೆ ಕಾದ ವಸ್ತು ಯಾವ ತರಂಗಾಂತರದಲ್ಲಿ ಎಷ್ಟು ಕಿರಣ ಬಿಡುತ್ತದೆ ಎಂದು ಮ್ಯಾಕ್ಸ್ ಪ್ಲಾಂಕ್ ಹೇಳಿದ ಸೂತ್ರವಿದೆಯಲ್ಲ, ಇಪ್ಪತ್ತನೆಯ ಶತಮಾನದ ಭೌತಶಾಸ್ತ್ರಕ್ಕೆ ಬುನಾದಿಯಾದದ್ದು, ಅದನ್ನು ಎಚ್ಚರದ ಅಳತೆಗಳಿಂದ ಒರೆಹಚ್ಚಿ ನೋಡಿದವರಲ್ಲಿ ಕೋಬ್ಲೆಂಟ್ಜ್ ಮುಂಚೂಣಿಯವರು. ಸೂತ್ರ ಕೊಟ್ಟವರ ಹೆಸರು ಪಠ್ಯಪುಸ್ತಕದಲ್ಲಿದೆ. ಅದು ನಿಜವೋ ಎಂದು ಕೂತು ಅಳೆದವರ ಹೆಸರು ಇಲ್ಲ.

ಮಿಂಚುಹುಳುವನ್ನೂ ಅವರು ಬಿಡಲಿಲ್ಲ. ಮಳೆಗಾಲದ ಆರಂಭದಲ್ಲಿ ನಮ್ಮ ಹೊಲದ ಬದುಗಳಲ್ಲಿ ಮಿನುಗುವ ಹುಳುವಿನ ಬೆಳಕಿನಲ್ಲಿ ಬಿಸಿ ಎಷ್ಟಿದೆ ಎಂಬುದು ಅವರ ಪ್ರಶ್ನೆ. ಅಮೆರಿಕದ ಮಿಂಚುಹುಳುಗಳನ್ನು ಹಿಡಿದು ಅಳೆದು ನೋಡಿದರೆ, ಅವು ಬಿಡುವುದು ಹೆಚ್ಚುಕಡಿಮೆ ಪೂರ್ತಿ ಕಣ್ಣಿಗೆ ಕಾಣುವ ಬೆಳಕನ್ನೇ. ಆ ಕಾಲದ ವಿದ್ಯುದ್ದೀಪ ತನ್ನ ಶಕ್ತಿಯ ಬಹುಭಾಗವನ್ನು ಬಿಸಿಯಾಗಿ ಕಳೆಯುತ್ತಿತ್ತು. ಹುಳು ಹಾಗೆ ದಂಡ ಮಾಡುವುದಿಲ್ಲ. ಈ ಅಧ್ಯಯನ 1912ರಲ್ಲಿ ಪುಸ್ತಕವಾಗಿ ಬಂತು.

ಈಗ ಆಕಾಶದ ಮಾತಿಗೆ ಬರೋಣ.

ಗುರುಗ್ರಹ ಬಿಸಿಯಾಗಿದೆಯೋ ತಣ್ಣಗಿದೆಯೋ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಹಳ ಜನ ಖಗೋಳಜ್ಞರು ಬಿಸಿಯಾಗಿದೆ ಎಂದೇ ನಂಬಿದ್ದರು. ಇಂಗ್ಲೆಂಡಿನ ರಿಚರ್ಡ್ ಪ್ರಾಕ್ಟರ್ ಎಂಬ ಜನಪ್ರಿಯ ಲೇಖಕರು ಈ ವಿಚಾರವನ್ನು ಮನೆಮಾತಾಗಿಸಿದ್ದರು. ಅವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಗುರುವಿನ ಮೇಲೆ ಮೋಡಗಳ ಪಟ್ಟೆಗಳು ಸದಾ ಕುದಿಯುವಂತೆ ಬದಲಾಗುತ್ತವೆ. ಸೂರ್ಯನಿಂದ ಗುರುವಿನ ದೂರ ಭೂಮಿಯ ದೂರದ ಐದು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಹೀಗಾಗಿ ಅಲ್ಲಿ ಬೀಳುವ ಬಿಸಿಲು ನಮ್ಮದರ 27ರಲ್ಲಿ ಒಂದು ಪಾಲು. ಅಷ್ಟು ಬಡ ಬಿಸಿಲಿಗೆ ಅಷ್ಟು ದೊಡ್ಡ ಗಾಳಿ, ಮೋಡಗಳ ಆರ್ಭಟ ಹೇಗೆ ಬಂತು? ಒಳಗಿನಿಂದಲೇ ಬೆಂಕಿ ಇರಬೇಕು, ಗುರು ಇನ್ನೂ ಪೂರ್ತಿ ಆರದ ಒಂದು ಸಣ್ಣ ಸೂರ್ಯನಿರಬೇಕು ಎಂದು ಅವರು ಹೇಳಿದರು. ಅಳೆದು ನೋಡುವವರೆಗೆ ಇದನ್ನು ಅಲ್ಲಗಳೆಯುವಂತಿರಲಿಲ್ಲ.

ಅಳೆಯುವುದು ಹೇಗೆ? ಕೋಬ್ಲೆಂಟ್ಜ್ ತಯಾರಿಸಿದ ಉಪಕರಣ ಥರ್ಮೋಪೈಲ್. ಎರಡು ಬೇರೆ ಲೋಹಗಳ ತಂತಿಗಳನ್ನು ಬೆಸೆದು, ಬೆಸುಗೆಯ ಒಂದು ತುದಿಯನ್ನು ಬಿಸಿ ಮಾಡಿದರೆ ಅದರಲ್ಲಿ ಸ್ವಲ್ಪ ವಿದ್ಯುತ್ತು ಹರಿಯುತ್ತದೆ. ಹತ್ತನೆಯ ತರಗತಿಯವರು ಪ್ರಯೋಗಾಲಯದಲ್ಲಿ ಗ್ಯಾಲ್ವನೋಮೀಟರಿನ ಮುಳ್ಳು ಅತ್ತಿತ್ತ ಸರಿಯುವುದನ್ನು ನೋಡಿದ್ದೀರಿ. ತತ್ವ ಅದೇ. ಆದರೆ ಕೋಬ್ಲೆಂಟ್ಜ್ ಅವರ ತಂತಿಗಳು ಕೂದಲಿಗಿಂತ ತೆಳು, ಬೆಸುಗೆಯ ಚುಕ್ಕೆ ಸಾಸಿವೆ ಕಾಳಿಗಿಂತ ಚಿಕ್ಕದು. ಸುತ್ತಲಿನ ಗಾಳಿ ಬಿಸಿಯನ್ನು ಕದಿಯದಂತೆ ಎಲ್ಲವನ್ನೂ ನಿರ್ವಾತದ ಬುರುಡೆಯೊಳಗೆ ಮುಚ್ಚಿದರು. ಗ್ಯಾಲ್ವನೋಮೀಟರಿನ ಒಳಗಿನ ಕಾಂತಸೂಜಿಗಳು ಬಹಳ ಹಗುರ. ಹೊರಗಿನ ಕಾಂತಕ್ಷೇತ್ರ ಅವನ್ನು ಅಲುಗಾಡಿಸದಂತೆ ಸುತ್ತ ಕಬ್ಬಿಣದ ಕವಚ. ಸೂಜಿಗೆ ಅಂಟಿಸಿದ ಸಣ್ಣ ಕನ್ನಡಿಯಿಂದ ಹೊರಟ ಬೆಳಕಿನ ಚುಕ್ಕೆ ಅಳತೆಪಟ್ಟಿಯ ಮೇಲೆ ಎಷ್ಟು ಸರಿಯಿತು ಎಂಬುದೇ ನಕ್ಷತ್ರದ ಬಿಸಿಯ ಲೆಕ್ಕ.

ಈ ಉಪಕರಣವನ್ನು ಹೊತ್ತುಕೊಂಡು 1914ರಲ್ಲಿ ಅವರು ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯಕ್ಕೆ ಹೋದರು. ಅಲ್ಲಿನ 36 ಅಂಗುಲ ಕನ್ನಡಿಯ ದೂರದರ್ಶಕಕ್ಕೆ ಅದನ್ನು ಜೋಡಿಸಿ 110 ನಕ್ಷತ್ರಗಳ ವಿಕಿರಣ ಅಳೆದರು. ಕಣ್ಣಿಗೆ ಒಂದೇ ಪ್ರಕಾಶದಲ್ಲಿ ಕಾಣುವ ಎರಡು ನಕ್ಷತ್ರಗಳಲ್ಲಿ ಕೆಂಪು ನಕ್ಷತ್ರ ನೀಲಿ ನಕ್ಷತ್ರಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ಒಟ್ಟು ವಿಕಿರಣ ಕಳಿಸುತ್ತದೆಂದು ಕಂಡರು. ಗ್ರಹಗಳನ್ನೂ ಅಳೆದರು. ಅವರಿಗಿಂತ ಮೊದಲು ಇ. ಎಫ್. ನಿಕೋಲ್ಸ್ ಎಂಬುವರು ಯರ್ಕಿಸ್ ವೀಕ್ಷಣಾಲಯದಲ್ಲಿ ಎರಡು ನಕ್ಷತ್ರಗಳನ್ನೂ ಗುರು, ಶನಿಗಳನ್ನೂ ಅಳೆದಿದ್ದುಂಟು. ಕೋಬ್ಲೆಂಟ್ಜ್ ಅದನ್ನು ನೂರರ ಲೆಕ್ಕಕ್ಕೆ ಒಯ್ದರು.

ಆದರೆ ಗ್ರಹದಿಂದ ಬರುವ ಕಿರಣದಲ್ಲಿ ಒಂದು ತೊಡಕಿದೆ. ಅದರಲ್ಲಿ ಎರಡು ಬಗೆ ಬೆರೆತಿರುತ್ತವೆ: ಗ್ರಹದ ಮೇಲೆ ಬಿದ್ದು ಹಿಂತಿರುಗಿದ ಬಿಸಿಲು ಒಂದು, ಗ್ರಹ ತಾನೇ ಬಿಡುವ ಕಾವು ಇನ್ನೊಂದು. ಬಿಸಿಲಿನ ಪಾಲೇ ಹೆಚ್ಚು. ಹಾಲಿನಲ್ಲಿ ಬೆರೆತ ನೀರನ್ನು ಬೇರೆ ಮಾಡಿದಂತೆ ಇವೆರಡನ್ನು ಬೇರ್ಪಡಿಸದೆ ಗ್ರಹದ ತಾಪ ಗೊತ್ತಾಗದು. ಇಲ್ಲಿ ಕೋಬ್ಲೆಂಟ್ಜ್ ಬಳಸಿದ ಉಪಾಯ ನನಗೆ ಅವರ ಇಡೀ ಜೀವನದಲ್ಲೇ ಹೆಚ್ಚು ಇಷ್ಟವಾದದ್ದು. ಕಿರಣದ ದಾರಿಗೆ ಅಡ್ಡವಾಗಿ ಅವರು ಇಟ್ಟದ್ದು ನೀರು. ಕೇವಲ ಒಂದು ಸೆಂಟಿಮೀಟರ್ ದಪ್ಪದ ನೀರಿನ ಪದರ. ನೀರು ಕಣ್ಣಿಗೆ ಕಾಣುವ ಬೆಳಕನ್ನು ಬಿಡುತ್ತದೆ. ಆದರೆ ಸುಮಾರು 1.4 ಮೈಕ್ರಾನ್‌ಗಿಂತ ಉದ್ದ ತರಂಗವನ್ನು ನುಂಗಿಬಿಡುತ್ತದೆ. ಪ್ರತಿಫಲಿಸಿದ ಬಿಸಿಲಿನ ಬಹುಪಾಲು ನೀರನ್ನು ದಾಟುತ್ತದೆ, ಗ್ರಹದ ಸ್ವಂತ ಕಾವು ಒಂದಿಷ್ಟೂ ದಾಟದು. ನೀರಿಲ್ಲದೆ ಒಮ್ಮೆ, ನೀರಿಟ್ಟು ಒಮ್ಮೆ ಅಳೆಯಬೇಕು. ನೇರ ಬಿಸಿಲಿಗೂ ಅದೇ ಪರೀಕ್ಷೆ ಮಾಡಿ ಹೋಲಿಸಬೇಕು. ಬಿಸಿಲಿಗಿಂತ ಹೆಚ್ಚಾಗಿ ಎಷ್ಟು ಪಾಲು ನೀರಿನಲ್ಲಿ ಕಳೆದುಹೋಯಿತೋ ಅಷ್ಟು ಗ್ರಹದ ಕಾವು.

1920ರ ದಶಕದ ಆರಂಭದಲ್ಲಿ ಅವರು ಅರಿಝೋನದ ಫ್ಲ್ಯಾಗ್‌ಸ್ಟಾಫ್ ಊರಿನ ಲೋವೆಲ್ ವೀಕ್ಷಣಾಲಯದಲ್ಲಿ ಈ ಕೆಲಸ ಕೈಗೊಂಡರು. ಅಲ್ಲಿ ಜೊತೆಗೂಡಿದವರು ಕಾರ್ಲ್ ಲ್ಯಾಂಪ್‌ಲೆಂಡ್. ಇಬ್ಬರೂ 1873ರಲ್ಲೇ ಹುಟ್ಟಿದವರು, ಇಬ್ಬರಿಗೂ ಅಳತೆಯ ಹುಚ್ಚು. ಆ ಊರು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಗಾಳಿಯೂ ಒಣ. ಇದು ಮುಖ್ಯ. ನಮ್ಮ ವಾಯುಮಂಡಲದ ನೀರಾವಿ ಅವಕೆಂಪು ಕಿರಣಗಳಿಗೆ ಗೋಡೆಯಿದ್ದಂತೆ. 8ರಿಂದ 14 ಮೈಕ್ರಾನ್‌ಗಳ ನಡುವೆ ಮಾತ್ರ ಒಂದು ಕಿಟಕಿ ತೆರೆದಿದೆ. ಗ್ರಹಗಳ ಕಾವು ನೆಲ ಮುಟ್ಟುವುದು ಆ ಕಿಟಕಿಯಿಂದಲೇ. ಹೀಗೆ 40 ಅಂಗುಲದ ದೂರದರ್ಶಕದಲ್ಲಿ ಅಳೆದಾಗ, ಚಂದ್ರನಿಂದ ಬರುವ ಒಟ್ಟು ವಿಕಿರಣದಲ್ಲಿ ಶೇಕಡ 80ರಷ್ಟು ಚಂದ್ರನ ಸ್ವಂತ ಕಾವು ಎಂದು ತಿಳಿಯಿತು. ಮಂಗಳನದು ಸುಮಾರು ಶೇಕಡ 30. ಗುರುಗ್ರಹದ್ದು?

ಸೊನ್ನೆ. ನೀರಿನ ಪದರ ಇಟ್ಟಾಗ ಗುರುವಿನ ಕಿರಣ ಎಷ್ಟು ಕಡಿಮೆಯಾಯಿತೋ, ನೇರ ಬಿಸಿಲೂ ಅಷ್ಟೇ ಕಡಿಮೆಯಾಗಿತ್ತು. ಗುರು ಕಳಿಸುತ್ತಿದ್ದುದು ಸೂರ್ಯನ ಬೆಳಕನ್ನು ಮಾತ್ರ. ಸ್ವಂತ ಕಾವು ಆ ಕಿಟಕಿಯಿಂದ ಕಾಣುವಷ್ಟು ಇರಲಿಲ್ಲ.

ಪ್ರಯೋಗದಲ್ಲಿ ಸೊನ್ನೆ ಬಂದರೆ ಉತ್ತರ ಪತ್ರಿಕೆಯಲ್ಲಿ ಅದನ್ನು ಅಳಿಸಿ ಬೇರೇನೋ ಬರೆಯುವ ವಿದ್ಯಾರ್ಥಿಗಳನ್ನು ನಾವು ಶಿಕ್ಷಕರು ನೋಡುತ್ತೇವೆ. ಕೋಬ್ಲೆಂಟ್ಜ್ ಅವರ ಸೊನ್ನೆಗೆ ಬೆಲೆ ಬಂದದ್ದು ಅವರ ಉಪಕರಣದ ಮೇಲೆ ಜನಕ್ಕಿದ್ದ ನಂಬಿಕೆಯಿಂದ. ಅದೇ ಉಪಕರಣ ಚಂದ್ರನ, ಮಂಗಳನ ಕಾವನ್ನು ತೋರಿಸಿತ್ತು. ಆದ್ದರಿಂದ ಗುರುವಿನ ಸೊನ್ನೆ ಉಪಕರಣದ ಕುರುಡುತನವಲ್ಲ, ಗುರುವಿನ ಚಳಿ. ಪ್ರಿನ್ಸ್‌ಟನ್ನಿನಲ್ಲಿ ಆಗ ಇನ್ನೂ ವಿದ್ಯಾರ್ಥಿಯಾಗಿದ್ದ ಡೊನಾಲ್ಡ್ ಮೆಂಜೆಲ್ ಈ ಅಂಕಿಗಳನ್ನು ತಾಪಕ್ಕೆ ತಿರುಗಿಸುವ ಗಣಿತವನ್ನು 1923ರಲ್ಲಿ ಪ್ರಕಟಿಸಿದರು. 1926ರಲ್ಲಿ ಮೂವರೂ ಸೇರಿ ಗ್ರಹಗಳ ತಾಪದ ಬಗ್ಗೆ ಪ್ರಬಂಧ ಬರೆದರು. ಗುರುವಿನ ಮೋಡದ ಮೇಲ್ಭಾಗ ಸೊನ್ನೆಗಿಂತ ನೂರು ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ಎಂದು ಗೊತ್ತಾಯಿತು. ಅದೇ ಕಾಲಕ್ಕೆ ಇಂಗ್ಲೆಂಡಿನ ಹೆರಾಲ್ಡ್ ಜೆಫ್ರೀಸ್ ಬರಿಯ ಲೆಕ್ಕದ ದಾರಿಯಿಂದಲೂ ಹೊರಗ್ರಹಗಳು ತಣ್ಣಗಿರಬೇಕೆಂದು ವಾದಿಸಿದ್ದರು. ಪ್ರಾಕ್ಟರ್ ಅವರ ಪುಟ್ಟ ಸೂರ್ಯ ಅಲ್ಲಿಗೆ ಆರಿಹೋಯಿತು.

1924 ಕೋಬ್ಲೆಂಟ್ಜ್ ಪಾಲಿಗೆ ತುಂಬು ವರ್ಷ. ಜೂನ್ 10ರಂದು, ಐವತ್ತನೆಯ ವಯಸ್ಸಿನಲ್ಲಿ, ವರ್ಮಾಂಟ್ ಪ್ರಾಂತದ ಕ್ಯಾಥರೀನ್ ಕೇಟ್ ಅವರನ್ನು ಮದುವೆಯಾದರು. ಆ ಆಗಸ್ಟಿನಲ್ಲಿ ಮಂಗಳಗ್ರಹ ಭೂಮಿಗೆ ಅಪರೂಪವೆನ್ನುವಷ್ಟು ಹತ್ತಿರ, ಸುಮಾರು 5 ಕೋಟಿ 58 ಲಕ್ಷ ಕಿಲೋಮೀಟರ್ ದೂರಕ್ಕೆ ಬರುವುದಿತ್ತು. ನವದಂಪತಿ ಆ ಬೇಸಿಗೆ ಕಳೆದದ್ದು ಫ್ಲ್ಯಾಗ್‌ಸ್ಟಾಫ್‌ನಲ್ಲಿ, ಅಂದರೆ ದೂರದರ್ಶಕದ ಬುಡದಲ್ಲಿ. ಮಂಗಳನ ನಡುಭಾಗದಲ್ಲಿ ಮಧ್ಯಾಹ್ನದ ಹೊತ್ತು ತಾಪ ಹಿಮಬಿಂದುವಿಗಿಂತ ಮೇಲೇರುತ್ತದೆ, ಬೆಳಗಿನ ಅಂಚಿನಲ್ಲಿ ಬಹಳ ಕೆಳಗಿರುತ್ತದೆ ಎಂದು ಕೋಬ್ಲೆಂಟ್ಜ್, ಲ್ಯಾಂಪ್‌ಲೆಂಡ್ ಕಂಡರು. ಹಗಲಿಗೂ ಇರುಳಿಗೂ ಇಷ್ಟು ಅಂತರವಿರಬೇಕಾದರೆ ಅಲ್ಲಿನ ಗಾಳಿ ಬಹಳ ತೆಳು. ಕ್ಯಾಥರೀನ್ ಮುಂದೆ ಮಕ್ಕಳ ಸಾಹಿತಿಯಾಗಿ ಹೆಸರಾದರು. ಅವರ ‘ದಿ ಬ್ಲೂ ಕ್ಯಾಟ್ ಆಫ್ ಕ್ಯಾಸಲ್ ಟೌನ್’ ಎಂಬ ಪುಸ್ತಕ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬೆರಿ ಗೌರವ ಪಡೆಯಿತು. 1951ರಲ್ಲಿ ಅವರು ಗತಿಸಿದರು.

ಉಳಿದದ್ದನ್ನು ಬೇಗ ಹೇಳಿಬಿಡಬಹುದು. ನೇರಳಾತೀತ ಕಿರಣಗಳ ಅಳತೆಗೆ ಮಾನಕ ಒದಗಿಸುವುದು, ಅವುಗಳಿಂದ ಕಣ್ಣನ್ನು ಕಾಪಾಡುವ ಕನ್ನಡಕದ ಗಾಜುಗಳನ್ನು ಪರೀಕ್ಷಿಸುವುದು ಇವೆಲ್ಲ ಅವರ ವಿಭಾಗದ ಕೆಲಸಗಳಾದವು. ನೂರಾರು ಪ್ರಬಂಧ, ಹತ್ತು ಪೇಟೆಂಟು. 1930ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, 1937ರಲ್ಲಿ ರಮ್‌ಫೋರ್ಡ್ ಪದಕ, ನಿವೃತ್ತಿಯ ವರ್ಷ ಫ್ರೆಡರಿಕ್ ಐವ್ಸ್ ಪದಕ ಬಂದವು. ಅತೀಂದ್ರಿಯ ಅನುಭವಗಳ ಕಡೆಗೂ ಅವರಿಗೆ ಒಲವಿತ್ತು. ಅದರ ಬಗ್ಗೆ 1954ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಜೀವನಚರಿತ್ರೆ ಬರೆಯುವವರು ಇದನ್ನು ಮುಚ್ಚಿಡುವುದುಂಟು. ಮುಚ್ಚಿಡುವ ಅಗತ್ಯ ನನಗೆ ಕಾಣದು. ಆ ಪುಸ್ತಕದಿಂದ ವಿಜ್ಞಾನಕ್ಕೆ ಏನೂ ದಕ್ಕಲಿಲ್ಲ, ಅವರ ಅಳತೆಗಳಿಗೆ ಅದರಿಂದ ಕುಂದೂ ಬರಲಿಲ್ಲ. ಅದೇ 1954ರಲ್ಲಿ ಅವಕೆಂಪು ರೋಹಿತದ ಕೆಲಸಗಾರರು ಕೋಬ್ಲೆಂಟ್ಜ್ ಸೊಸೈಟಿ ಎಂಬ ಸಂಘ ಕಟ್ಟಿದರು. ಯಾರೂ ಓದದಿದ್ದ 1905ರ ಕೋಷ್ಟಕಗಳಿಗೆ ಅರ್ಧ ಶತಮಾನದ ಮೇಲೆ ಸಂದ ಗೌರವ ಅದು. ನೋಡಲು ಅವರು ಬದುಕಿದ್ದರು ಎಂಬುದೇ ಸಮಾಧಾನ. 1962ರ ಸೆಪ್ಟೆಂಬರ್ 15ರಂದು ವಾಷಿಂಗ್ಟನ್ನಿನಲ್ಲಿ, 88ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಂಗಳಗ್ರಹದ ಒಂದು ಕುಳಿಗೆ ಅವರ ಹೆಸರಿದೆ.

ಗುರುವಿನ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಅಷ್ಟು ತಣ್ಣನೆಯ ವಸ್ತು ತನ್ನ ಕಾವನ್ನು ಹೆಚ್ಚಾಗಿ ಬಿಡುವುದು 23 ಮೈಕ್ರಾನ್ ಆಸುಪಾಸಿನಲ್ಲಿ. ಕೋಬ್ಲೆಂಟ್ಜ್ ನೋಡಿದ 8ರಿಂದ 14ರ ಕಿಟಕಿಯಲ್ಲಿ ಅದರ ಬಾಲ ಮಾತ್ರ ಬರುತ್ತದೆ. ಅವರು ತೀರಿಕೊಳ್ಳುವ ಹಿಂದಿನ ವರ್ಷ, 1961ರಲ್ಲಿ, ಫ್ರ್ಯಾಂಕ್ ಲೋ ಎಂಬ ತರುಣ ದ್ರವ ಹೀಲಿಯಂನಲ್ಲಿ ತಣಿಸಿದ ಜರ್ಮೇನಿಯಂ ಹರಳಿನ ಬೋಲೋಮೀಟರ್ ರಚಿಸಿದರು. ಉಪಕರಣವೇ ತಣ್ಣಗಿದ್ದುದರಿಂದ ಅದಕ್ಕೆ ತನ್ನ ಕಾವಿನ ಗದ್ದಲವಿಲ್ಲ. ಲೋ ಅದೇ ಅರಿಝೋನದ ಬೆಟ್ಟಗಳಿಂದ 20 ಮೈಕ್ರಾನ್ ಹತ್ತಿರದ ಇನ್ನೊಂದು ಕಿಟಕಿಯಲ್ಲಿ ಗುರುವನ್ನು ನೋಡಿದರು. 1966ರ ಹೊತ್ತಿಗೆ ಅಚ್ಚರಿಯ ಸುದ್ದಿ ಬಂತು: ಗುರು ಸೂರ್ಯನಿಂದ ಪಡೆಯುವುದಕ್ಕಿಂತ ಹೆಚ್ಚು ಕಾವನ್ನು ಹೊರಗೆ ಬಿಡುತ್ತಿದೆ. ಮೋಡದ ನೆತ್ತಿ ಕೊರೆಯುವ ಚಳಿ, ಸೊನ್ನೆಗಿಂತ ಸುಮಾರು 150 ಡಿಗ್ರಿ ಕೆಳಗೆ. ಒಳಗೆ ಮಾತ್ರ ಹುಟ್ಟಿದಂದಿನ ಕಾವು ಇನ್ನೂ ಸೋರುತ್ತಿದೆ. ಪ್ರಾಕ್ಟರ್ ಪೂರ್ತಿ ತಪ್ಪಿರಲಿಲ್ಲ ಎಂದಾಯಿತು.

ಈಗ ಹವಾಯಿಯ ಮೌನಾ ಕೆಯಾ ಪರ್ವತದ ಮೇಲಿನ 3 ಮೀಟರ್ ಅವಕೆಂಪು ದೂರದರ್ಶಕದಂಥವು ಗುರುವಿನ ವಾಯುಮಂಡಲವನ್ನು ಪದರ ಪದರವಾಗಿ ಅಳೆಯುತ್ತವೆ. 7.8 ಮೈಕ್ರಾನ್ ಸುತ್ತ ಮೀಥೇನ್ ಅನಿಲದ ಹೊಳಪು ಮೇಲಿನ ಪದರದ ತಾಪ ಹೇಳುತ್ತದೆ. 17ರಿಂದ 20 ಮೈಕ್ರಾನ್‌ಗಳಲ್ಲಿ ಜಲಜನಕ ಅದರ ಕೆಳಗಿನ ಪದರದ್ದು ಹೇಳುತ್ತದೆ. 1978ರಿಂದ 2019ರವರೆಗೆ ಹೀಗೆ ನೆಲದಿಂದ ಕೂಡಿಸಿದ ಅಳತೆಗಳನ್ನು ಗ್ಲೆನ್ ಆರ್ಟನ್ ಮತ್ತು ಸಂಗಡಿಗರು 2022ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಗುರುವಿನ ಅಕ್ಷದ ವಾಲುವಿಕೆ ಮೂರೇ ಡಿಗ್ರಿ, ಅಂದರೆ ಋತುಗಳು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಅಲ್ಲಿನ ತಾಪ ಹಲವು ವರ್ಷಗಳ ಅವಧಿಯಲ್ಲಿ ಏರಿಳಿಯುತ್ತದೆ. ಉತ್ತರದ ಕೆಲವು ಅಕ್ಷಾಂಶಗಳಲ್ಲಿ ಏರಿದಾಗ ದಕ್ಷಿಣದ ಅದೇ ಅಕ್ಷಾಂಶಗಳಲ್ಲಿ ಇಳಿಯುತ್ತದೆ, ತಕ್ಕಡಿಯ ಎರಡು ತಟ್ಟೆಗಳಂತೆ. ಗುರು ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 12 ವರ್ಷ ಬೇಕು. ಈ ಏರಿಳಿತ ಯಾಕೆ ಎಂಬುದನ್ನು ಪತ್ತೆಹಚ್ಚಲು ಇನ್ನೂ ಕೆಲವು ಸುತ್ತುಗಳ ಅಳತೆ ಬೇಕಾಗಿದೆ.